ಕಪ್ಪಗಿದ್ದವನು ಯೂದ ಒಬ್ಬನೇ

ಗೋಡೆಯ ಮೇಲೆ ಹದಿಮೂರು ಮಂದಿ ಊಟಕ್ಕೆ ಕೂತಿದ್ದಾರೆ. ಹನ್ನೆರಡು ಮಂದಿಯ ಮೈ ಬೆಳ್ಳಗೆ, ಗಲ್ಲದ ಮೇಲೆ ತೆಳ್ಳನೆಯ ಗುಲಾಬಿ, ಭುಜಕ್ಕಿಳಿದ ಕಂದು ಕೂದಲು. ನಡುವೆ ಕೂತ ಯೇಸುವಿನ ಕಣ್ಣು ತಿಳಿನೀಲಿ. ಹದಿಮೂರನೆಯವನೊಬ್ಬ ಕಪ್ಪು. ಮೂಗು ಅಗಲ, ತುಟಿ ದಪ್ಪ, ಕಣ್ಣಲ್ಲಿ ಕೆಂಪು, ಮುಷ್ಟಿಯಲ್ಲಿ ದುಡ್ಡಿನ ಚೀಲ. ಇಸ್ಕರಿಯೋತ ಯೂದ.

ಬಯಲುಸೀಮೆಯ ಊರೊಂದರ ಚರ್ಚಿನಲ್ಲಿ ಈಸ್ಟರ್ ಹಬ್ಬಕ್ಕೆಂದು ಬರೆಸಿದ ಹೊಸ ಚಿತ್ರವಿದು. ಬಲಿಪೀಠದ ಹಿಂದಿನ ಗೋಡೆಯನ್ನು ಪೂರ್ತಿ ಆವರಿಸಿದೆ. ಬಂದು ನೋಡಿ, ಸುತ್ತಮುತ್ತ ಎಲ್ಲೂ ಇಂಥದ್ದಿಲ್ಲ ಎಂದು ಕರೆದಿದ್ದರು. ಹೋದೆ. ಬಣ್ಣದ ವಾಸನೆ ಇನ್ನೂ ಹೋಗಿರಲಿಲ್ಲ. ಕಟ್ಟಿದ್ದ ಸಾರುವೆಯ ಬಿದಿರುಗಳನ್ನು ಹೊರಗೆ ಗೋಡೆಗೆ ಒರಗಿಸಿದ್ದರು.

ಚಿತ್ರ ನೋಡಿ ತಿರುಗಿ ಬೆಂಚುಗಳ ಕಡೆ ನೋಡಿದೆ. ಆ ಸಭೆಯ ಬಹುಪಾಲು ಜನ ಮಾದಿಗರ ಕೇರಿಯವರು, ಹೊಲೆಯರ ಕೇರಿಯವರು. ಪುರಸಭೆಯ ಪೌರಕಾರ್ಮಿಕರು, ಗಾರೆ ಕೆಲಸದವರು, ಹತ್ತಿ ಬಿಡಿಸಲು ಕೂಲಿಗೆ ಹೋಗುವ ಹೆಣ್ಣುಮಕ್ಕಳು. ಚಿತ್ರಕ್ಕೆ ದುಡ್ಡು ಕೊಟ್ಟವರು ಅವರು. ಚಂದಾ ಪುಸ್ತಕ ಮನೆಮನೆಗೆ ಹೋಗಿತ್ತು, ಪಗಾರದಲ್ಲಿ ಮುರಿದು ಕೊಟ್ಟಿದ್ದರು. ಅವರ ಮೈಬಣ್ಣ ಆ ಗೋಡೆಯ ಮೇಲೆ ಒಂದೇ ಒಂದು ಕಡೆ ಇತ್ತು. ಗುರುವನ್ನು ಮೂವತ್ತು ಬೆಳ್ಳಿ ನಾಣ್ಯಕ್ಕೆ ಮಾರಿದವನ ಮುಖದ ಮೇಲೆ.

ನನಗೆ ಮೈಯೆಲ್ಲ ಉರಿಯಿತು. ಆ ಉರಿ ಇನ್ನೂ ಆರಿಲ್ಲ, ಆರಿಸಿಕೊಳ್ಳುವ ಮನಸ್ಸೂ ನನಗಿಲ್ಲ.

ಚಿತ್ರ ಬರೆದ ಕಲಾವಿದ ಅಲ್ಲೇ ಇದ್ದ. ಅಂಗಡಿ ಬೋರ್ಡು ಬರೆಯುತ್ತಿದ್ದವನು. ಫ್ಲೆಕ್ಸ್ ಬಂದ ಮೇಲೆ ಆ ಕೆಲಸ ಹೋಯಿತು, ಈಗ ಅಂಗನವಾಡಿ ಗೋಡೆ, ಶಾಲೆ ಗೋಡೆ, ಹಬ್ಬಕ್ಕೆ ದೇವರ ಗೋಡೆ. ಅಂಬೇಡ್ಕರ್ ಜಯಂತಿಗೆ ವರ್ಷವರ್ಷವೂ ಬಾಬಾಸಾಹೇಬರ ಚಿತ್ರ ಬರೆದ ಕೈ ಅದು. ಅವನೂ ಕೇರಿಯವನೇ, ಅವನ ಮೈಯೂ ಯೂದನ ಮೈಬಣ್ಣದ್ದೇ. ಯಾವುದನ್ನು ನೋಡಿ ಬರೆದೆ ಎಂದು ಕೇಳಿದೆ.

‘ಮೊಬೈಲ್‌ದಾಗ ಒಂದು ಫೋಟೋ ಕೊಟ್ಟಿದ್ರು ಅಣ್ಣಾ, ಅದನ್ನ ನೋಡಿ ತೆಗದೀನಿ. ಯೂದನ ಮಖ ಅದ್ರಾಗ ಸರಿ ಕಾಣ್ತಿರಲಿಲ್ಲ, ನೆರಳಿನಾಗಿತ್ತು. ಕೆಟ್ಟಾಂವ ಅಲ್ಲೇನು, ಅದಕ್ಕ ಕಪ್ಪು ಮಾಡೀನಿ.’

ಅವನ ಮೇಲೆ ನನಗೆ ಸಿಟ್ಟಿಲ್ಲ. ಕೆಟ್ಟವನು ಕಪ್ಪಗಿರುತ್ತಾನೆ ಎಂದು ಅವನಿಗೆ ಯಾರೂ ಕೂರಿಸಿ ಪಾಠ ಹೇಳಿಲ್ಲ, ಹೇಳುವ ಅಗತ್ಯವೇ ಬಿದ್ದಿಲ್ಲ. ಬಯಲಾಟದ ರಕ್ಕಸ, ಸಿನಿಮಾದ ಖಳ, ಕ್ಯಾಲೆಂಡರಿನಲ್ಲಿ ಸಂತ ಮಿಕಾಯೇಲನ ಕಾಲಡಿ ಬಿದ್ದ ಸೈತಾನ, ಎಲ್ಲರಿಗೂ ಅವನ ಬಣ್ಣವನ್ನೇ ಬಳಿದು ತೋರಿಸಿದ್ದೇವೆ. ಬಿಳಿಗೆ ಒಂದಿಷ್ಟು ಹಳದಿ, ಒಂದು ಚೂರು ಕೆಂಪು ಬೆರೆಸಿದರೆ ಸಂತನ ಮೈ ಸಿದ್ಧ. ಕಂದು, ಕಪ್ಪು ಎರಡೂ ಡಬ್ಬಿ ಬಗ್ಗಿಸಿದರೆ ಪಾಪಿ ಸಿದ್ಧ. ಈ ಲೆಕ್ಕ ಅವನ ಕೈಗೆ ಯಾವತ್ತೋ ಕೂತುಬಿಟ್ಟಿದೆ. ಮನುಷ್ಯನ ಕೈಯಿಂದಲೇ ಅವನನ್ನು ಅವಮಾನಿಸುವ ವ್ಯವಸ್ಥೆಗೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ಆ ಹೊತ್ತಿನಲ್ಲೇ ಇನ್ನೊಂದು ನಡೆಯಿತು. ಮುದುಕಿಯೊಬ್ಬಳು ಮೆಟ್ಟಿಲು ಹತ್ತಿ ಗೋಡೆಯ ಹತ್ತಿರ ಹೋದಳು. ಪೊರಕೆ ಹಿಡಿದು ಹಿಡಿದು ಬೆರಳಿನ ಗೆಣ್ಣು ದಪ್ಪಗಾದ ಕೈ. ಯೇಸುವಿನ ಪಾದ ಮುಟ್ಟಿ ಕಣ್ಣಿಗೊತ್ತಿಕೊಳ್ಳಬೇಕೆಂದು ಕೈ ಚಾಚಿದಳು. ಸಮಿತಿಯ ಒಬ್ಬರು ದೂರದಿಂದಲೇ ಕೂಗಿದರು: ‘ಏ, ಕೈ ಹಚ್ಚಬ್ಯಾಡ, ಕಲೆ ಆಗ್ತದ!’ ಆಕೆ ಕೈ ಎಳೆದುಕೊಂಡಳು. ಗೋಡೆಯಿಂದ ಒಂದು ಗೇಣು ದೂರದಲ್ಲಿ, ಗಾಳಿಯಲ್ಲೇ, ಪಾದ ಮುಟ್ಟಿದ ಹಾಗೆ ಮಾಡಿ ಕಣ್ಣಿಗೊತ್ತಿಕೊಂಡಳು. ಗೋಡೆ ಇನ್ನೂ ಹಸಿ ಇದ್ದದ್ದು ನಿಜ. ಆದರೆ ಆ ಕೂಗಿನ ದನಿ ನನಗೆ ಗೊತ್ತು. ಊರ ಗುಡಿಯ ಕಟ್ಟೆಯ ಕೆಳಗೆ ನಿಂತ ನಮ್ಮ ಅಜ್ಜ ಅಜ್ಜಿಯರು ಕೇಳಿದ್ದು ಅದೇ ದನಿಯನ್ನು. ಅದನ್ನು ತಾಳಲಾರದೆ ಅವರು ಶಿಲುಬೆಯ ಕಡೆ ನಡೆದು ಬಂದರು.

ಹಾಗಾಗಿ ಇದು ಬಣ್ಣದ ಮಾತು, ಕಲೆಯ ಮಾತು, ಅಭಿರುಚಿಯ ಮಾತು ಎಂದು ನನ್ನನ್ನು ಸಮಾಧಾನ ಮಾಡಲು ಬರಬೇಡಿ. ಅಕ್ಷರ ಬಾರದವರಿಗೆ ಚಿತ್ರವೇ ಪುಸ್ತಕ ಎಂದು ಹೇಳಿಕೊಂಡು ಬಂದದ್ದು ಚರ್ಚೇ. ದೇವರು ಮನುಷ್ಯನನ್ನು ತನ್ನ ಹೋಲಿಕೆಯಲ್ಲಿ ಮಾಡಿದ ಎಂದು ಮಕ್ಕಳಿಗೆ ಕಲಿಸುವುದೂ ಚರ್ಚೇ. ಹಾಗಾದರೆ ಆ ಗೋಡೆಯನ್ನು ವಾರವಾರವೂ ಓದುವ ಕೇರಿಯ ಮಗು ತನ್ನ ಹೋಲಿಕೆಯನ್ನು ಯಾರಲ್ಲಿ ಕಾಣಬೇಕು? ನೀವು ಅದಕ್ಕೆ ಕೊಟ್ಟಿರುವ ಉತ್ತರ ಒಂದೇ, ಯೂದನಲ್ಲಿ.

ಕರ್ನಾಟಕದಲ್ಲಿ ಚರ್ಚಿನ ಚಿತ್ರ ಎಂದರೆ ಎಲ್ಲರ ಬಾಯಲ್ಲೂ ಬರುವುದು ಮಂಗಳೂರಿನ ಸಂತ ಅಲೋಶಿಯಸ್ ಪ್ರಾರ್ಥನಾಲಯ. ಇಟಲಿಯ ಬೆರ್ಗಮೊ ಬಳಿಯ ಸ್ಟೆಝಾನೊದಲ್ಲಿ 1854ರಲ್ಲಿ ಹುಟ್ಟಿದ ಆಂಟೋನಿಯೊ ಮೊಸ್ಕೇನಿ ಎಂಬ ಜೆಸ್ವಿಟ್ ಸಹೋದರ 1899ರಲ್ಲಿ ಅಲ್ಲಿ ಕುಂಚ ಹಿಡಿದ. ಸುಮಾರು ಎರಡು ವರ್ಷದಲ್ಲಿ ಗೋಡೆ, ಕಮಾನು, ಚಾವಣಿ ಎಲ್ಲವನ್ನೂ ತುಂಬಿಸಿದ. ಫ್ರೆಸ್ಕೊ ಎನ್ನುವುದು ಹೆಣಗಾಟದ ಕೆಲಸ. ಸುಣ್ಣದ ಗಾರೆ ಹಸಿಯಿರುವಾಗಲೇ, ನೀರಲ್ಲಿ ಕಲಸಿದ ಬಣ್ಣ ಅದರೊಳಗೆ ಇಳಿಯಬೇಕು. ಅವತ್ತು ಎಷ್ಟು ಬರೆಯಲಾದೀತೋ ಅಷ್ಟೇ ಗಾರೆ ಬಳಿಯಬೇಕು. ಸುಣ್ಣ ಗಾಳಿ ಕುಡಿದು ಮತ್ತೆ ಕಲ್ಲಾಗುವಾಗ ಬಣ್ಣವೂ ಕಲ್ಲಿನ ಭಾಗವೇ ಆಗಿಬಿಡುತ್ತದೆ. ಹೀಗೆ ಬರೆಯುವವನ ಕುತ್ತಿಗೆ, ಕಣ್ಣು ಏನಾಗಿರಬೇಕು! 1905ರಲ್ಲಿ ಕೊಚ್ಚಿಯಲ್ಲಿ ಆತ ಸತ್ತಾಗ ವಯಸ್ಸು ಐವತ್ತೊಂದು. ಆ ದುಡಿಮೆಗೆ ನಾನು ಕೈ ಮುಗಿಯುತ್ತೇನೆ.

ಚಾವಣಿಯ ಮೇಲೆ ಇರುವುದು ಅಲೋಶಿಯಸ್ ಗೊನ್ಜಾಗನ ಬದುಕು. ಜಹಗೀರಿನ ಹಿರಿಮಗ, ಹಕ್ಕನ್ನೆಲ್ಲ ತಮ್ಮನಿಗೆ ಬಿಟ್ಟುಕೊಟ್ಟು ಸನ್ಯಾಸಿಯಾದವನು. 1591ರಲ್ಲಿ ರೋಮ್‌ನಲ್ಲಿ ಸಾಂಕ್ರಾಮಿಕ ಹಬ್ಬಿದಾಗ ಬೀದಿಯಲ್ಲಿ ಬಿದ್ದ ರೋಗಿಗಳನ್ನು ಹೊತ್ತು ತಂದು ಆರೈಕೆ ಮಾಡಿ, ತಾನೂ ಅದೇ ರೋಗಕ್ಕೆ ಇಪ್ಪತ್ಮೂರರ ಹರೆಯದಲ್ಲಿ ಸತ್ತವನು. ಮೊಸ್ಕೇನಿ ಮಂಗಳೂರಿಗೆ ಬಂದ 1898ರಲ್ಲೇ ಬೆಂಗಳೂರಿನಲ್ಲಿ ಪ್ಲೇಗು ಎದ್ದಿತ್ತು. ಹೆಣ ಹೊತ್ತವರು, ರೋಗದ ಮನೆ ತೊಳೆದವರು ಆಗ ಯಾರಿದ್ದಿರಬಹುದು ಎಂದು ಈ ನಾಡಿನಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಆ ಸಂತನ ಕೆಲಸವನ್ನು ನಿತ್ಯವೂ ಮಾಡುತ್ತಿದ್ದವರು ನಮ್ಮ ಜನ. ಆ ಪ್ರಾರ್ಥನಾಲಯಕ್ಕೆ ಸುಣ್ಣ ಅರೆದವರು, ಮರಳು ಹೊತ್ತವರು, ಆ ಎತ್ತರಕ್ಕೆ ಸಾರುವೆ ಕಟ್ಟಿದವರು ಯಾರು? ಅವರ ಮುಖವನ್ನು ಆ ಚಾವಣಿಯಲ್ಲಿ ಹುಡುಕಿ ನೋಡಿ.

ಮೊಸ್ಕೇನಿ ತನಗೆ ಗೊತ್ತಿದ್ದ ಮುಖಗಳನ್ನು ಬರೆದ. ಬೆರ್ಗಮೊದಲ್ಲಿ ಕಲಿತವನು ಬೆರ್ಗಮೊದ ಮುಖ ಬರೆದರೆ ತಪ್ಪೇನಿಲ್ಲ. ಎಲ್ಲ ಜನವೂ ಹಾಗೇ ಮಾಡಿದ್ದಾರೆ. ಯೇಸು ಹೇಗಿದ್ದ ಎಂದು ಸುವಾರ್ತೆಗಳಲ್ಲಿ ಒಂದು ಸಾಲೂ ಇಲ್ಲ. ಗಲಿಲಾಯದ ಬಿಸಿಲಲ್ಲಿ ಬೆಳೆದ ಬಡಗಿಯ ಮಗ ಅವನು. ಇಥಿಯೋಪಿಯದವರು ಅವನನ್ನು ತಮ್ಮ ದೊಡ್ಡ ಕಪ್ಪು ಕಣ್ಣುಗಳಿಂದಲೇ ಕಂಡರು, ಮೊಘಲ್ ದರ್ಬಾರಿನ ಚಿತ್ರಕಾರರು ತಮ್ಮ ಕುಂಚದಲ್ಲಿ ಕಂಡರು. ನನ್ನ ಸಿಟ್ಟಿರುವುದು 125 ವರ್ಷಗಳ ಬಳಿಕವೂ ಇಟಲಿಯ ಮುಖವೇ ದೇವರ ಮುಖ ಎಂದು ಕಂಠಪಾಠ ಮಾಡಿಕೊಂಡಿರುವ ನಮ್ಮವರ ಮೇಲೆ. ಆ ಮುಖ ಬಿಟ್ಟರೆ ದೇವರು ಮೈಲಿಗೆಯಾಗುತ್ತಾನೆ ಎಂದು ಹೆದರುವವರ ಮೇಲೆ.

ಈ ಹೆದರಿಕೆ ಎಷ್ಟು ಕ್ರೂರ ಎನ್ನುವುದನ್ನು ಆಂಜೆಲೊ ದ ಫೊನ್ಸೆಕ ಅನುಭವಿಸಿದರು. 1902ರಲ್ಲಿ ಗೋವಾದಲ್ಲಿ ಹುಟ್ಟಿದವರು, ಶಾಂತಿನಿಕೇತನಕ್ಕೆ ಹೋಗಿ ಕಲಿತವರು. ಊರಿಗೆ ಮರಳಿ ಮಾತೆ ಮರಿಯಳಿಗೆ ಸೀರೆ ಉಡಿಸಿದರು, ನಮ್ಮ ಹೆಂಗಸರ ಮೈಬಣ್ಣ ಕೊಟ್ಟರು. ಪೋರ್ಚುಗೀಸರ ಆಳ್ವಿಕೆಯ ಗೋವಾ ಅದನ್ನು ಸಹಿಸಲಿಲ್ಲ. ಅವರ ಮೇಲೆ ಹರಿಹಾಯ್ದವರಲ್ಲಿ ಸೀರೆಯುಟ್ಟ ತಾಯಂದಿರ ಮಕ್ಕಳೇ ಇದ್ದರು! ಫೊನ್ಸೆಕ ಊರು ಬಿಟ್ಟು ಪುಣೆಯ ಕ್ರಿಸ್ತ ಪ್ರೇಮ ಸೇವಾ ಆಶ್ರಮ ಸೇರಿದರು. ಆ ಆಶ್ರಮ ಅವರ ಸ್ವಂತ ಕ್ಯಾಥೊಲಿಕ್ ಸಭೆಯದಲ್ಲ, ಆಂಗ್ಲಿಕನ್ನರದ್ದು. ತನ್ನ ತಾಯಿಯ ಹಾಗೆ ಕಾಣುವ ಮರಿಯಳನ್ನು ಬರೆದ ತಪ್ಪಿಗೆ ಒಬ್ಬ ಕಲಾವಿದ ದೇಶಾಂತರ ಹೋಗಬೇಕಾಯಿತು. 1967ರಲ್ಲಿ ಪುಣೆಯಲ್ಲೇ ತೀರಿಕೊಂಡರು. ಇವತ್ತು ಅವರ ಚಿತ್ರಗಳು ಗೋವಾದ ಪೊರ್ವೊರಿಮ್‌ನ ಕ್ಸೇವಿಯರ್ ಇತಿಹಾಸ ಸಂಶೋಧನಾ ಕೇಂದ್ರದಲ್ಲಿವೆ. ಬದುಕಿದ್ದಾಗ ಅಟ್ಟಿದವರು ಸತ್ತ ಮೇಲೆ ಗಾಜಿನೊಳಗಿಟ್ಟು ನೋಡುತ್ತಾರೆ.

ಅದೇ 1967ರಲ್ಲಿ, ಅಮೆರಿಕದ ಡೆಟ್ರಾಯಿಟ್ ನಗರದ ಲಿನ್‌ವುಡ್ ಬೀದಿಯ ಚರ್ಚಿನಲ್ಲಿ ನಡೆದದ್ದನ್ನು ನಮ್ಮ ಪ್ರತಿಯೊಂದು ಧರ್ಮಕೇಂದ್ರದಲ್ಲೂ ಹೇಳಬೇಕು. ಪಾದ್ರಿ ಆಲ್ಬರ್ಟ್ ಕ್ಲೀಗ್. ಸಭೆಯೆಲ್ಲ ಕಪ್ಪು ಜನ. ಆದರೆ ಬಲಿಪೀಠದ ಹಿಂದೆ ಇದ್ದದ್ದು ಬಣ್ಣದ ಗಾಜಿನ ದೊಡ್ಡ ಕಿಟಕಿ, ಅದರಲ್ಲಿ 1620ರಲ್ಲಿ ಹಡಗಿಳಿಯುತ್ತಿರುವ ಬಿಳಿಯ ಯಾತ್ರಿಕರು. ಗುಲಾಮರ ಮೊಮ್ಮಕ್ಕಳು ವಾರವಾರವೂ ಬಿಳಿಯರು ದಡ ಸೇರಿದ ಚಿತ್ರದ ಮುಂದೆ ಮಂಡಿಯೂರುತ್ತಿದ್ದರು. ತಮ್ಮ ಅಜ್ಜಂದಿರು ಇಳಿದ ಹಡಗಿನ ಚಿತ್ರ ಎಲ್ಲೂ ಇರಲಿಲ್ಲ. ಕ್ಲೀಗ್ ಆ ಕಿಟಕಿಯನ್ನು ಮುಚ್ಚಿಸಿದರು. ಗ್ಲಾಂಟನ್ ಡೌಡೆಲ್ ಎಂಬ ಕಲಾವಿದನಿಗೆ ಕೆಲಸ ಕೊಟ್ಟರು. ಡೌಡೆಲ್ ಜೈಲಿನಲ್ಲಿದ್ದು ಬಂದವನು, ಕುಂಚ ಹಿಡಿಯಲು ಕಲಿತದ್ದೂ ಜೈಲಿನಲ್ಲೇ. ಆತ ಬರೆದದ್ದು 18 ಅಡಿ ಎತ್ತರದ ಕಪ್ಪು ಮರಿಯ. ಬಿಳಿ ಮುಸುಕು, ನೀಲಿ ಉಡುಪು, ತೋಳಲ್ಲಿ ಕಪ್ಪು ಕೂಸು. ರೂಪದರ್ಶಿಯಾಗಿ ನಿಂತವಳು ಅದೇ ನೆರೆಹೊರೆಯ ಒಬ್ಬ ತಾಯಿ. ಆ ವರ್ಷದ ಈಸ್ಟರ್ ದಿನ, ಮಾರ್ಚ್ 26ರಂದು ಪರದೆ ಸರಿಸಿದರು.

ನಾಲ್ಕು ತಿಂಗಳಿಗೆ ಡೆಟ್ರಾಯಿಟ್ ಹೊತ್ತಿ ಉರಿಯಿತು. ಪೊಲೀಸರ ದಬ್ಬಾಳಿಕೆಯಿಂದ ಕೆರಳಿದ ಕಪ್ಪು ಜನರ ಆ ದಂಗೆಯಲ್ಲಿ 43 ಮಂದಿ ಸತ್ತರು. ಆ ದಿನಗಳಲ್ಲೇ ಲಿನ್‌ವುಡ್ ಬೀದಿಯ ಇನ್ನೊಂದು ಕಡೆ, ಕ್ಯಾಥೊಲಿಕ್ ಸೆಮಿನರಿಯ ಅಂಗಳದಲ್ಲಿದ್ದ ಬಿಳಿ ಯೇಸುವಿನ ಪ್ರತಿಮೆಯ ಮುಖ, ಕೈ, ಕಾಲುಗಳಿಗೆ ಯಾರೋ ಕಪ್ಪು ಬಣ್ಣ ಬಳಿದರು. ಆಮೇಲೆ ಯಾರೋ ಬಂದು ಬಿಳಿ ಬಳಿದು ಹೋದರು. ಕೊನೆಗೆ ಸೆಮಿನರಿಯವರೇ ಮತ್ತೆ ಕಪ್ಪು ಬಳಿಸಿದರು, ಕಪ್ಪಾಗಿಯೇ ಉಳಿಸಿಕೊಂಡರು. ಬೀದಿಯ ಜನ ಬಳಿದ ಬಣ್ಣವೇ ಸರಿ ಎಂದು ಒಪ್ಪಿಕೊಳ್ಳುವ ಎದೆ ಒಂದು ಧರ್ಮಸಂಸ್ಥೆಗೆ ಇತ್ತು. ನಮ್ಮಲ್ಲಿ ಅಂಥ ಎದೆ ಯಾರಿಗಿದೆ?

ಹೈಟಿಯ ಪೋರ್ಟ್-ಓ-ಪ್ರಿನ್ಸ್‌ನ ಹೋಲಿ ಟ್ರಿನಿಟಿ ಕೆಥೆಡ್ರಲ್‌ನಲ್ಲಿ ಇದು ಇನ್ನೂ ಮೊದಲೇ ಆಗಿತ್ತು. 1950-51ರಲ್ಲಿ ಬಿಷಪ್ ಆಲ್ಫ್ರೆಡ್ ವೋಗೆಲಿ ಚರ್ಚಿನ ಬರಿಗೋಡೆಗಳನ್ನು ಆ ದೇಶದ ಬಡ ಕಲಾವಿದರ ಕೈಗೆ ಒಪ್ಪಿಸಿದರು. ಅವರಲ್ಲೊಬ್ಬ, ಕಾಸ್ಟೆರಾ ಬಝೀಲ್, ಮನೆಗೆಲಸದ ಆಳಾಗಿದ್ದವನು. ಇನ್ನೊಬ್ಬ, ರಿಗೋ ಬೆನ್ವಾ, ಕಾರು ಓಡಿಸುತ್ತಿದ್ದವನು. ಆಳು ಯೇಸುವಿನ ದೀಕ್ಷಾಸ್ನಾನ ಬರೆದ, ಡ್ರೈವರ್ ಯೇಸುವಿನ ಜನನ ಬರೆದ. ವಿಲ್ಸನ್ ಬಿಗೋ ಕಾನಾ ಊರಿನ ಮದುವೆಯನ್ನು ಹೈಟಿಯ ಹಳ್ಳಿಯ ಮದುವೆ ಮಾಡಿದ, ಡೋಲು ಬಡಿಯುವವರನ್ನೂ ಅದರೊಳಗೆ ಕರೆತಂದ. 2010ರ ಜನವರಿ 12ರ ಭೂಕಂಪದಲ್ಲಿ ಚರ್ಚು ಕುಸಿಯಿತು. 14 ಭಿತ್ತಿಚಿತ್ರಗಳಲ್ಲಿ ಉಳಿದದ್ದು ಮೂರು. ಉಳಿದ ಮೂರರಲ್ಲಿ ಆ ಆಳು ಬರೆದ ದೀಕ್ಷಾಸ್ನಾನವೂ ಒಂದು.

‘ನಮ್ಮಲ್ಲೂ ಭಾರತೀಯ ಶೈಲಿ ಬಂದಿದೆಯಲ್ಲ’ ಎಂದು ಕೆಲವರು ಹೇಳುತ್ತಾರೆ. ಬಂದಿದೆ. ಎರಡನೇ ವ್ಯಾಟಿಕನ್ ಮಹಾಸಭೆಯ ಬಳಿಕ ಬೆಂಗಳೂರಿನಲ್ಲೇ, ಅಮಲೋರ್ಪವದಾಸ್ ಅವರ ಮುಂದಾಳುತನದಲ್ಲಿ, ಅದಕ್ಕೆಂದೇ ರಾಷ್ಟ್ರೀಯ ಕೇಂದ್ರ ಕಟ್ಟಿದರು. 1969ರಲ್ಲಿ ಪೂಜೆಯಲ್ಲಿ ಆರತಿ, ಅಂಜಲಿಗಳಿಗೆ ಅನುಮತಿ ಬಂತು. ದೀಪಸ್ತಂಭ ಬಂತು, ಕಮಲ ಬಂತು, ಓಂಕಾರ ಬಂತು, ಪದ್ಮಾಸನದಲ್ಲಿ ಕೂತ ಕಾವಿಯ ಕ್ರಿಸ್ತ ಬಂದ. ಆದರೆ ಕೇಳುತ್ತೇನೆ, ಇದು ಯಾರ ಭಾರತ? ನಮ್ಮ ಅಜ್ಜಂದಿರನ್ನು ಹೊಸ್ತಿಲಾಚೆ ನಿಲ್ಲಿಸಿದ ಗರ್ಭಗುಡಿಯ ಸಾಮಾನುಗಳನ್ನೇ ತಂದು ಮತ್ತೆ ನಮ್ಮ ಮುಂದಿಟ್ಟು, ಇದು ನಿಮ್ಮ ಸಂಸ್ಕೃತಿ ಎಂದರೆ ಹೇಗೆ ಒಪ್ಪುವುದು? ಕೇರಿಯ ಹಲಗೆ ಎಲ್ಲಿ? ಕೊಟ್ಟಿಗೆಯಲ್ಲಿ ಹುಟ್ಟಿದ ದೇವರಿಗೆ ಕೇರಿಯ ಗುಡಿಸಲು ಯಾಕೆ ಹೊಂದಲಿಲ್ಲ? ಬಿಳಿಯನ ಮುಖ ಕಳಚಿ ಬ್ರಾಹ್ಮಣನ ಮುಖ ತೊಡಿಸಿದರೆ ನಮಗೆ ಬಿಡುಗಡೆ ಸಿಕ್ಕಂತಾಗುವುದಿಲ್ಲ.

ಈ ಪ್ರಶ್ನೆಯನ್ನು ಮೊದಲು ಎತ್ತಿದವನು ನಾನಲ್ಲ. 1981ರಲ್ಲಿ ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ ಅರವಿಂದ ನಿರ್ಮಲ್ ನಿಂತು, ಭಾರತದ ಕ್ರೈಸ್ತ ಚಿಂತನೆ ಮೇಲ್ಜಾತಿಯವರ ತತ್ವಶಾಸ್ತ್ರದ ಸುತ್ತಲೇ ಸುತ್ತುತ್ತಿದೆ, ಸಭೆಯಲ್ಲಿ ಬಹುಪಾಲು ಇರುವ ದಲಿತರ ಬದುಕು ಅದರಲ್ಲಿಲ್ಲ ಎಂದು ಸವಾಲು ಹಾಕಿದರು. ದಲಿತ ದೈವಶಾಸ್ತ್ರದ ಮೊದಲ ಕಿಡಿ ಹಾರಿದ್ದು ನಮ್ಮ ನೆಲದಲ್ಲಿ. ಕುಂಚ ಹಿಡಿದವರಲ್ಲೂ ಈ ಮಾತು ಕಿವಿಗೆ ಹಾಕಿಕೊಂಡವರಿದ್ದಾರೆ. ಬೆಂಗಳೂರು ಬಳಿಯ ಸಿಲ್ವೆಪುರದಲ್ಲಿ ಕಲಾ ಆಶ್ರಮ ಕಟ್ಟಿದ ಜ್ಯೋತಿ ಸಾಹಿ ದಲಿತ ಮರಿಯಳನ್ನು ಬರೆದಿದ್ದಾರೆ. ಕಲಾವಿದರಿದ್ದಾರೆ, ಚಿಂತನೆಯಿದೆ, ನಲವತ್ತು ವರ್ಷ ದಾಟಿದೆ. ಆದರೂ ಚಿತ್ರ ಬರೆಸಬೇಕೆಂದಾಗ ಸಮಿತಿಯ ಕೈ ಹೋಗುವುದು ಮೊಬೈಲಿನಲ್ಲಿರುವ ಬಿಳಿ ಯೇಸುವಿನ ಕಡೆಗೇ.

ಯಾಕೆ? ಯಾಕೆಂದರೆ ಬಣ್ಣದ ಗೋಡೆಯ ಹಿಂದೆ ಇನ್ನೊಂದು ಗೋಡೆ ಇದೆ. ತಿರುಚಿರಾಪಳ್ಳಿಯ ಕ್ಯಾಥೊಲಿಕ್ ಸ್ಮಶಾನವೊಂದರಲ್ಲಿ ದಲಿತರ ಗೋರಿಗಳು ಒಂದು ಕಡೆ, ಮೇಲ್ಜಾತಿ ಕ್ರೈಸ್ತರ ಗೋರಿಗಳು ಇನ್ನೊಂದು ಕಡೆ ಇರಲೆಂದು ಕಟ್ಟಿದ ಗೋಡೆ ದಶಕಗಟ್ಟಲೆ ನಿಂತಿತ್ತು. ಸತ್ತು ಮಣ್ಣಾಗುವ ದೇಹಗಳ ನಡುವೆ ಇಟ್ಟಿಗೆ ಗೋಡೆ! ಆಗ ವಿಲ್ಲುಪುರಂ ಜಿಲ್ಲೆಯಲ್ಲಿದ್ದ ಎರೈಯೂರಿನಲ್ಲಿ ದಲಿತ ಕ್ರೈಸ್ತರು ನಮಗೆ ಬೇರೆ ಧರ್ಮಕೇಂದ್ರ ಕೊಡಿ ಎಂದು ಕೇಳಿದ್ದಕ್ಕೆ, 2008ರ ಮಾರ್ಚ್‌ನಲ್ಲಿ ಅವರ ಮನೆಗಳ ಮೇಲೆ ಬಿದ್ದವರು ಅದೇ ಶಿಲುಬೆಗೆ ಕೈ ಮುಗಿಯುವವರು. ಇದೆಲ್ಲ ತಮಿಳುನಾಡಿನದು, ನಮ್ಮಲ್ಲಿಲ್ಲ ಎಂದು ಹೇಳಬೇಡಿ. ಕರಾವಳಿಯ ಕೊಂಕಣಿ ಕ್ರೈಸ್ತರಲ್ಲಿ ಬಾಮಣ್, ಚಾರ್ಡೊ, ಸುದಿರ್ ಎಂಬ ಲೆಕ್ಕ ಮದುವೆ ಮಾತುಕತೆಯಲ್ಲಿ ಇವತ್ತಿಗೂ ಏಳುತ್ತದೆ. ನಾನು ಹೇಳಿದ ಆ ಬಯಲುಸೀಮೆಯ ಚರ್ಚಿನಲ್ಲೂ ಕೇರಿಯವರ ಗುಂಡಿ ತೋಡುವುದು ಸ್ಮಶಾನದ ಹಿಂದಿನ ಮೂಲೆಯಲ್ಲಿ, ಮಳೆ ನೀರು ನಿಲ್ಲುವ ಕಡೆ. ಅಲ್ಲಿ ಗೋಡೆಯಿಲ್ಲ, ಗೋಡೆಯ ಅಗತ್ಯವೇ ಬಿದ್ದಿಲ್ಲ, ಎಲ್ಲರಿಗೂ ಜಾಗ ಗೊತ್ತು.

ಚರ್ಚಿಗೆ ಇದು ಗೊತ್ತಿಲ್ಲದ್ದಲ್ಲ. 2016ರ ಡಿಸೆಂಬರಿನಲ್ಲಿ ಭಾರತದ ಕ್ಯಾಥೊಲಿಕ್ ಧರ್ಮಾಧ್ಯಕ್ಷರ ಮಂಡಳಿಯೇ ದಲಿತ ಸಬಲೀಕರಣದ ನೀತಿ ಹೊರಡಿಸಿ, ಸಭೆಯೊಳಗೆ ಜಾತಿಭೇದ ಇದೆ ಎಂದು ಒಪ್ಪಿಕೊಂಡಿತು. ದಲಿತರೊಬ್ಬರು, ಆಂತೋನಿ ಪೂಲ, ಕಾರ್ಡಿನಲ್ ಆಗಲು 2022ರ ಆಗಸ್ಟ್‌ವರೆಗೆ ಕಾಯಬೇಕಾಯಿತು. ಕಾಗದದ ಮೇಲೆ ಒಪ್ಪಿಕೊಂಡದ್ದು ಸುಣ್ಣದ ಮೇಲೆ ಯಾಕೆ ಇಳಿಯುವುದಿಲ್ಲ?

ಸರ್ಕಾರವೂ ಈ ದ್ರೋಹದಲ್ಲಿ ಪಾಲುದಾರ. 1950ರ ಆಗಸ್ಟ್ 10ರ ರಾಷ್ಟ್ರಪತಿ ಆದೇಶ ಹಿಂದೂಗಳಲ್ಲದವರನ್ನು ಪರಿಶಿಷ್ಟ ಜಾತಿಯಿಂದ ಹೊರಗಿಟ್ಟಿತು. 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಸೇರಿಸಿದರು. ದಲಿತ ಕ್ರೈಸ್ತರು, ದಲಿತ ಮುಸ್ಲಿಮರು ಇನ್ನೂ ಹೊರಗೆ. ಮದ್ರಾಸಿನ ಬೀದಿ ಬದಿಯಲ್ಲಿ ಕೂತು ಚಪ್ಪಲಿ ಹೊಲಿಯುತ್ತಿದ್ದ ಒಬ್ಬರ ಕಥೆ ಕೇಳಿ. ಚಮ್ಮಾರರಿಗೆ ಸರ್ಕಾರ ಪುಕ್ಕಟೆ ಗೂಡಂಗಡಿ ಕೊಟ್ಟಿತು. ಪಕ್ಕದಲ್ಲಿ ಕೂತು ಅದೇ ಉಳಿ, ಅದೇ ದಾರ ಹಿಡಿದಿದ್ದವರಿಗೆಲ್ಲ ಸಿಕ್ಕಿತು. ಇವರು ಕ್ರೈಸ್ತರು ಎಂಬ ಕಾರಣಕ್ಕೆ ಸಿಗಲಿಲ್ಲ. ಸುಪ್ರೀಂ ಕೋರ್ಟಿನವರೆಗೆ ಹೋದರು. ಮತಾಂತರದ ನಂತರವೂ ಜಾತಿಯ ಸಂಕಷ್ಟ ಅಷ್ಟೇ ತೀವ್ರವಾಗಿ ಉಳಿದಿದೆ ಎನ್ನುವುದಕ್ಕೆ ಆಧಾರ ಸಾಲದು ಎಂದು 1985ರಲ್ಲಿ ಅರ್ಜಿ ವಜಾ ಆಯಿತು. ಆಧಾರ ಬೇಕೆ? ಸ್ಮಶಾನದ ಗೋಡೆ ಆಧಾರ. ಹೊಸ ಚಿತ್ರದ ಯೂದ ಆಧಾರ. ‘ಕೈ ಹಚ್ಚಬ್ಯಾಡ’ ಎಂಬ ಕೂಗು ಆಧಾರ. ಹೊರಗೆ ಸರ್ಕಾರ, ನೀನು ಕ್ರೈಸ್ತ, ನಿನಗೆ ಜಾತಿಯಿಲ್ಲ ಅನ್ನುತ್ತದೆ. ಒಳಗೆ ಚರ್ಚು ಜಾತಿ ನೋಡಿ ಗುಂಡಿಯ ಜಾಗ ತೋರಿಸುತ್ತದೆ. 2025ರಲ್ಲಿ ನಮ್ಮ ರಾಜ್ಯದ ಜಾತಿ ಸಮೀಕ್ಷೆಯ ಪಟ್ಟಿಯಲ್ಲಿ ಜಾತಿ ಹೆಸರಿನ ಮುಂದೆ ಕ್ರಿಶ್ಚಿಯನ್ ಎಂದು ಬರೆದದ್ದಕ್ಕೇ ಎಷ್ಟು ಗದ್ದಲವೆದ್ದಿತು! ಬರೆದ ಹೆಸರು ನೋಡಿ ಉರಿದವರು, ಆ ಹೆಸರು ಹೊತ್ತು ಬದುಕುವವರ ಮನೆಗೆ ಒಮ್ಮೆಯೂ ಹೋದವರಲ್ಲ.

ಇಲ್ಲೊಂದು ಎಚ್ಚರಿಕೆ. ನನ್ನ ಸಿಟ್ಟನ್ನು ಕದ್ದೊಯ್ಯಲು ಹೊಂಚು ಹಾಕಿರುವವರು ನನಗೆ ಗೊತ್ತು. 2008ರ ಸೆಪ್ಟೆಂಬರ್ 14ರಂದು ಮಂಗಳೂರಿನ ಆರಾಧನಾ ಮಠಕ್ಕೆ ನುಗ್ಗಿ ಶಿಲುಬೆ ಒಡೆದವರು, ಹಳ್ಳಿಯ ಪ್ರಾರ್ಥನಾ ಮನೆಗಳಿಗೆ ಭಾನುವಾರ ಬೆಳಿಗ್ಗೆ ದೊಣ್ಣೆ ಹಿಡಿದು ಬರುವವರು, ‘ನೋಡಿ, ಅಲ್ಲೂ ಜಾತಿ ಇದೆ, ಮರಳಿ ಬನ್ನಿ’ ಎಂದು ಬಾಯಿ ತೆರೆಯುತ್ತಾರೆ. ಬಾಯಿ ಮುಚ್ಚಿ. ಈ ಜಾತಿಯನ್ನು ನಮ್ಮ ಬೆನ್ನಿಗೆ ಕಟ್ಟಿ ಕಳಿಸಿದವರು ನೀವು. ನಾವು ಬಿಟ್ಟು ಬಂದ ಬೀದಿಗೆ ಮರಳುವುದಿಲ್ಲ. ಚರ್ಚಿನ ಜೊತೆಗಿನ ನಮ್ಮ ಜಗಳ ಒಳಗೆ ನಿಂತು ಆಡುವ ಜಗಳ. ಆ ಕಟ್ಟಡದ ಕಲ್ಲು ಹೊತ್ತವರು ನಾವು, ಅದರ ಮೇಲೆ ನಮಗೆ ಹಕ್ಕಿದೆ.

ಚರ್ಚಿನವರಿಗೂ ನೇರವಾಗಿ ಹೇಳುತ್ತೇನೆ. ಬಡವರು ಧನ್ಯರು ಎಂದು ಬೋಧಿಸುವ ಬಾಯಿ ಬಡವರ ಮುಖವನ್ನು ಗೋಡೆಗೆ ಬರೆಯಲು ನಾಚುತ್ತದಲ್ಲ, ಅದು ದೈವನಿಂದೆ. ಹಸಿದಿದ್ದೆ, ಬೆತ್ತಲಿದ್ದೆ, ಜೈಲಿನಲ್ಲಿದ್ದೆ, ಅದು ನಾನೇ ಎಂದವನ ಮುಖವನ್ನು ಜೈಲಿಗೆ ಹೋದವನು ಬರೆದರೆ ಡೆಟ್ರಾಯಿಟ್ ಒಪ್ಪಿತು. ಮ್ಯಾನ್‌ಹೋಲಿಗೆ ಇಳಿದು ಉಸಿರುಗಟ್ಟಿ ಸತ್ತವನ ಮುಖ ನಮ್ಮ ಶಿಲುಬೆಯ ಮೇಲೆ ಬರಬಾರದೆ? ಬೆಳಗಿನ ಜಾವ ಕಸದ ಗಾಡಿ ಹಿಂದೆ ನಡೆಯುವವಳು, ಮಡಿಲಲ್ಲಿ ಕೂಸು ಕಟ್ಟಿಕೊಂಡು ಜಲ್ಲಿ ಒಡೆಯುವವಳು ಮರಿಯ ಆಗಬಾರದೆ? ಶಿಲುಬೆ ಎನ್ನುವುದು ರೋಮನ್ನರು ಗುಲಾಮರಿಗೆ, ದಂಗೆಯೆದ್ದವರಿಗೆ ಕೊಡುತ್ತಿದ್ದ ಸಾವು. ಊರಾಚೆ ಕೊಂದರು ಅವನನ್ನು. ಊರಾಚೆ ಬದುಕುವವರಿಗಿಂತ ಹತ್ತಿರದ ನೆಂಟರು ಅವನಿಗೆ ಯಾರಿದ್ದಾರೆ?

ಆ ಚರ್ಚಿನ ಎಡಗಡೆ ಗೋಡೆ ಇನ್ನೂ ಖಾಲಿಯಿದೆ. ಕ್ರಿಸ್‌ಮಸ್ಸಿಗೆ ಅಲ್ಲಿ ಯೇಸುವಿನ ಜನನ ಬರೆಸುತ್ತಾರಂತೆ, ಅಂದಾಜು ಪಟ್ಟಿ ಆಗಿದೆ. ಕೇರಿಯ ಹುಡುಗರು ಸೇರಿ ಅರ್ಜಿ ಬರೆದಿದ್ದಾರೆ, ನಾನೂ ರುಜು ಹಾಕಿದ್ದೇನೆ. ಮೊದಲನೆಯದು, ಯೂದನ ಮುಖಕ್ಕೂ ಉಳಿದ ಹನ್ನೆರಡು ಮಂದಿಯ ಮುಖಕ್ಕೂ ಒಂದೇ ಬಣ್ಣ, ಅದು ನಮ್ಮ ಬಣ್ಣ, ಅದೇ ಕಲಾವಿದನ ಕೈಯಿಂದ, ಅವನಿಗೆ ಕೂಲಿ ಕೊಟ್ಟು. ಎರಡನೆಯದು, ಹೊಸ ಗೋಡೆಯ ಮರಿಯಳಿಗೆ ರೂಪದರ್ಶಿಯಾಗಿ ಕೇರಿಯ ಹೆಣ್ಣುಮಗಳು ಕೂರಬೇಕು, ಕೂತ ದಿನಗಳ ಕೂಲಿ ಅವಳಿಗೆ ಸಲ್ಲಬೇಕು. ಮೂರನೆಯದು, ಸ್ಮಶಾನದಲ್ಲಿ ಮುಂದಿನ ಗುಂಡಿ, ಸತ್ತವರು ಯಾರೇ ಇರಲಿ, ಮುಂದಿನ ಸಾಲಿನಲ್ಲೇ ತೋಡಬೇಕು. ಸಮಿತಿ ಇದನ್ನು ಬರಹದಲ್ಲಿ ಒಪ್ಪುವವರೆಗೆ ಕೇರಿಯಿಂದ ಒಂದು ರೂಪಾಯಿ ಚಂದಾ ಹುಟ್ಟುವುದಿಲ್ಲ. ಅರ್ಜಿಯ ಒಂದು ಪ್ರತಿ ಧರ್ಮಾಧ್ಯಕ್ಷರಿಗೂ ಹೋಗಿದೆ.